ತೊಳೆದು ತಂದ ಸಾಕ್ಷಿ

ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಡುವ ಟೈಲರನ್ನು ಕಂಡವರು ಪುಣ್ಯವಂತರು. ನಮ್ಮ ಟೈಲರಮ್ಮ ಆ ಪುಣ್ಯವನ್ನು ಯಾರಿಗೂ ಕೊಟ್ಟವಳಲ್ಲ. ಮದುವೆಗೆಂದು ಕೊಟ್ಟ ಅಂಗಿ ಮಗು ಹುಟ್ಟಿದ ಮೇಲೆ ಕೈಗೆ ಬಂತು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. "ನಾಳೆ ಬನ್ನಿ" ಎನ್ನುವುದರಲ್ಲಿ ಅವಳನ್ನು ಮೀರಿಸಿದವರು ಊರಿನಲ್ಲಿ ಪುರಸಭೆಯವರು ಮಾತ್ರ.

ಆ ಪುರಸಭೆ ತನ್ನ ಕಚೇರಿಗೂ ಅವಳ ಮನೆಗೂ ನಡುವಿನ ಖಾಲಿ ಜಾಗದಲ್ಲಿ ಊರ ಕಸವನ್ನೆಲ್ಲ ಸುರಿದು, ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಬೆಂಕಿ ಇಡುತ್ತಿತ್ತು. ಬೇರೆ ಯಾವ ಕೆಲಸದಲ್ಲೂ ಕಾಣದ ಸಮಯಪಾಲನೆ ಇದರಲ್ಲಿತ್ತು. ಟೈಲರಮ್ಮನ ಅತ್ತೆ ಒಂದು ಕಾಲಕ್ಕೆ ಅಡುಗೆಮನೆಯಲ್ಲಿ ಎತ್ತಿಕೊಂಡ ಬೈಗುಳವನ್ನು ಬೀದಿಬಾಗಿಲವರೆಗೆ ಒಂದೇ ಉಸಿರಿನಲ್ಲಿ ತರುತ್ತಿದ್ದ ಗಟ್ಟಿಗಿತ್ತಿ. ಈಗ "ನಿನ್ನಂಥಾ... ಸೋಮಾರೀನ..." ಎಂದು ಶುರುಮಾಡಿ, ಕೆಮ್ಮಿ, ಗೋಡೆ ಹಿಡಿದು, ಉಳಿದದ್ದನ್ನು ಸೊಸೆಯ ಊಹೆಗೆ ಬಿಡುತ್ತಿದ್ದಳು. ಈ ಹೊಗೆ ತಪ್ಪದಿದ್ದರೆ ಮುದುಕಿ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಹದಿನೆಂಟು ವರ್ಷ ಆ ಬೈಗುಳ ನಿಂತರೆ ಸಾಕು ಎಂದುಕೊಂಡಿದ್ದ ಸೊಸೆಗೆ, ಅದು ನಿಲ್ಲತೊಡಗಿದಾಗ ಎದೆ ಧಸಕ್ಕೆಂದಿತು.

ಅರ್ಜಿ ಹಿಡಿದು ಪುರಸಭೆಗೆ ಹೋದಳು. "ಹೊಗೆಗೆ ಸಾಕ್ಷಿ ಏನಮ್ಮಾ?" ಎಂದರು ಅಧ್ಯಕ್ಷರು. "ಮುಂದಿನ ತಿಂಗಳು ಕಸದ ನೀತಿ ಬಗ್ಗೆ ಸಭೆ ಇದೆ, ಸಾಕ್ಷಿ ತಗೊಂಡು ಬಾ."

ಟೈಲರಮ್ಮ ಬೀದಿಯವರನ್ನು ಕೂಡಿಸಿದಳು. ಸಂಘಕ್ಕೆ ಹೆಸರೇನು, ಅಧ್ಯಕ್ಷರು ಯಾರು, ಫೋಟೋದಲ್ಲಿ ಯಾರು ಮುಂದೆ ಕೂರಬೇಕು ಎಂಬ ಪರಿಸರದ ಪ್ರಶ್ನೆಗಳಲ್ಲೇ ಮೂರು ಸಂಜೆ ಕಳೆದವು. ಕೊನೆಗೆ ನಿವೃತ್ತ ಮೇಷ್ಟ್ರು ಅಧ್ಯಕ್ಷರಾದ ಮೇಲೆ, ಟೈಲರಮ್ಮ ನಲವತ್ತು ಮನೆಗೂ ಕರವಸ್ತ್ರದಷ್ಟು ಬಿಳಿ ಬಟ್ಟೆ ಹಂಚಿದಳು. "ಎಂಟು ದಿನ ಕಿಟಕಿಗೆ ಕಟ್ಟಿ. ಆಮೇಲೆ ಮೇಷ್ಟ್ರ ಕೈಗೆ ಕೊಡಿ, ಅಷ್ಟೇ." ಎಂಟು ದಿನದಲ್ಲಿ ತುಂಡುಗಳೆಲ್ಲ ಹಂಚಿನ ತಳದ ಬಣ್ಣಕ್ಕೆ ತಿರುಗಿದವು. ಅವುಗಳನ್ನು ತುಂಬಲು ಮೇಷ್ಟ್ರಿಗೆ ಒಂದು ಚೀಲ ಹೊಲಿದು ಕೊಟ್ಟಳು. ಹೋದ ವರ್ಷ ಪುರಸಭೆಯ ಸಭಾಂಗಣಕ್ಕೆ ಪರದೆ ಹೊಲಿದಾಗ ಉಳಿದಿದ್ದ ಕೆನೆಬಣ್ಣದ ಬಟ್ಟೆ ಅದು. ಉಳಿದ ಬಟ್ಟೆಯನ್ನು ಹಿಂದಿರುಗಿಸುವ ಟೈಲರು ಇನ್ನೂ ಹುಟ್ಟಿಲ್ಲ.

ಸಭೆಯ ದಿನ ಮೇಷ್ಟ್ರು ಪುರಸಭೆಯ ಸಭಾಂಗಣಕ್ಕೆ ಚೀಲ ತಂದು ಕೊಟ್ಟರು. ಟೈಲರಮ್ಮ ಎಲ್ಲರೆದುರು ಅದನ್ನು ಮೇಜಿನ ಮೇಲೆ ಸುರಿದಳು. ನಲವತ್ತು ತುಂಡುಗಳೂ ಹಾಲಿನಂತೆ ಬೆಳ್ಳಗಿದ್ದವು. ಕೆಲವಕ್ಕೆ ಇಸ್ತ್ರಿಯಾಗಿತ್ತು, ಒಂದಕ್ಕೆ ಗಂಜಿ ಕೂಡ ಹಾಕಿತ್ತು.

"ಅಯ್ಯೋ ಮೇಷ್ಟ್ರೇ, ಇದೇನಿದು?"

"ನಾಲ್ಕು ಜನ ನೋಡೋ ಬಟ್ಟೆ ಅಲ್ಲವೇನಮ್ಮಾ," ಎಂದರು ಮೇಷ್ಟ್ರು ಪಿಸುಮಾತಿನಲ್ಲಿ. "ಕೊಳಕು ಬಟ್ಟೆ ಕೊಟ್ರೆ ಮನೆ ಹೆಂಗಸರ ಬಗ್ಗೆ ಏನಂದುಕೊಳ್ತಾರೆ? ಎಲ್ಲರೂ ತೊಳೆದೇ ಕೊಟ್ಟಿದ್ದಾರೆ. ನಮ್ಮನೇದು ನಾನೇ ತೊಳೆದೆ."

"ಇಷ್ಟು ಶುದ್ಧವಾದ ಗಾಳಿ ಬೇರೆ ಯಾವ ಊರಲ್ಲಿದೆ ಹೇಳಿ!" ಎಂದರು ಪುರಸಭೆಯ ಅಧ್ಯಕ್ಷರು. ಸದಸ್ಯರು ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ಮೇಷ್ಟ್ರೂ ತಟ್ಟಿದರು.

ಟೈಲರಮ್ಮನಿಗೆ ಅಳು ಒತ್ತರಿಸಿ ಬಂತು. ಗೋಡೆ ಹಿಡಿದು ನಿಂತ ಅತ್ತೆ ಕಣ್ಣಮುಂದೆ ಬಂದಳು. ಖಾಲಿ ಚೀಲದಿಂದ ಮುಖ ಒರೆಸಿಕೊಳ್ಳಹೋದವಳು ಅದನ್ನೊಮ್ಮೆ ನೋಡಿದಳು, ಅಧ್ಯಕ್ಷರ ಹಿಂದಿನ ಪರದೆಯನ್ನೊಮ್ಮೆ ನೋಡಿದಳು. ನೆಟ್ಟಗೆ ಹೋಗಿ ಚೀಲವನ್ನು ಪರದೆಗೆ ಹಿಡಿದಳು. ಚೀಲ ಕೆನೆಬಣ್ಣ, ಪರದೆ ಎಮ್ಮೆಬಣ್ಣ.

"ಎರಡೂ ಒಂದೇ ಬಟ್ಟೆ ಸರ್. ಒಂದೇ ದಿನ ಕತ್ತರಿಸಿದ್ದು. ಇದು ನನ್ನ ಪೆಟ್ಟಿಗೇಲಿತ್ತು, ಅದು ನಿಮ್ಮ ಕಿಟಕೀಲಿತ್ತು."

ಅಧ್ಯಕ್ಷರು ಪರದೆಯನ್ನು ಮುಟ್ಟಿದರು, ಬೆರಳು ನೋಡಿಕೊಂಡರು, ಆಳವಾಗಿ ಯೋಚಿಸಿದರು. "ಇದು ಗಂಭೀರ ವಿಚಾರ. ಕೊಳೆ ಕಾಣದ ಹಾಗೆ ಕಪ್ಪು ಪರದೆ ಹಾಕಿಸೋಣ. ನೀನೇ ಹೊಲಿದು ಕೊಡಮ್ಮಾ." ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಚೀಲವನ್ನು ಆ ಮುಖದ ಮೇಲೆ ಎಸೆಯಬೇಕೆನ್ನಿಸಿತು. ಆದರೆ ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಟೈಲರಮ್ಮ ಸಿಟ್ಟನ್ನು ನುಂಗಿದಳು. "ಆಗಲಿ ಸರ್. ಅಳತೆಗೆ ಹಳೇವು ಬೇಕು, ಈಗಲೇ ಬಿಚ್ಚಿಕೊಳ್ತೀನಿ," ಎಂದು ಆರು ಪರದೆಗಳನ್ನೂ ಇಳಿಸಿದಳು. ಪರದೆಯ ಹಿಂದೆ ಗಾಜಿರಲಿಲ್ಲ, ಬರೀ ಕಂಬಿಗಳಿದ್ದವು.

ಹನ್ನೊಂದಕ್ಕೆ ಸರಿಯಾಗಿ ಪುರಸಭೆ ತನ್ನ ಕೆಲಸ ಮಾಡಿತು. ಹೊಗೆ ಒಳಗೆ ನುಗ್ಗಿತು. ಸದಸ್ಯರು ಮೇಜಿನ ಮೇಲಿದ್ದ ಶುಭ್ರವಾದ ಸಾಕ್ಷಿಗಳನ್ನು ಎತ್ತಿಕೊಂಡು ಮೂಗಿಗೆ ಒತ್ತಿಕೊಂಡರು. "ಹೊಸ ಪರದೆ... ಬರೋ ತನಕ..." ಅಧ್ಯಕ್ಷರು ಕೆಮ್ಮಿ ಗೋಡೆ ಹಿಡಿದರು, "ಅಲ್ಲಿ ಯಾರೂ... ಬೆಂಕಿ ಹಚ್ಚಕೂಡದು! ಬರ್ಕೊಳ್ರೀ!" ಗುಮಾಸ್ತ ಕಣ್ಣೊರೆಸಿಕೊಳ್ಳುತ್ತ ಅದನ್ನು ಅಕ್ಷರಶಃ ಬರೆದುಕೊಂಡ.

"ಎಷ್ಟು ದಿನ ಬೇಕಮ್ಮಾ?"

"ಒಂದೇ ವಾರ ಸರ್," ಎಂದಳು ಟೈಲರಮ್ಮ, ಎಲ್ಲರಿಗೂ ಹೇಳುವಷ್ಟೇ ನಂಬಿಕೆಯಿಂದ.

ಇದಾಗಿ ಏಳು ತಿಂಗಳು. ಕಸದ ಲಾರಿ ಈಗ ಬೇರೆ ದಾರಿ ಹಿಡಿದಿದೆ. ಬೂದಿಯ ಮೇಲೆ ಹುಲ್ಲು ಬಂದಿದೆ. ಪುರಸಭೆಯ ಜವಾನ ಪ್ರತಿ ಸೋಮವಾರ ಬಾಗಿಲಿಗೆ ಬರುತ್ತಾನೆ. ಈ ಸೋಮವಾರವೂ ಬಂದ. "ನಾಳೆ ಬನ್ನಿ," ಎಂದಳು ಟೈಲರಮ್ಮ.

ಅವನು ಅತ್ತ ಹೋಗಿದ್ದೇ ತಡ, ಅಡುಗೆಮನೆಯಿಂದ ಅತ್ತೆ ಹೊರಟಳು. "ಆರು ಪರದೆ ಹೊಲಿಯೋಕೆ ಏಳು ತಿಂಗಳು ಬೇಕೇನೇ ನಿನಗೆ ನಿನ್ನಂಥಾ ಸೋಮಾರೀನ ಈ ಭೂಮಿ ಮೇಲೇ ಕಾಣಲಿಲ್ಲ ಕಣೇ ನಾನು ನನ್ನ ಮಗ ಏನು ನೋಡಿ ಕಟ್ಟಿಕೊಂಡನೋ..." ಬೀದಿಬಾಗಿಲು ಬರುವವರೆಗೂ ಒಂದೇ ಒಂದು ಕಡೆಯೂ ನಿಲ್ಲಲಿಲ್ಲ.

ಟೈಲರಮ್ಮ ತಲೆ ಬಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ಆಮೇಲೆ ಕಪ್ಪು ಬಟ್ಟೆಗೆಂದು ಸೂಜಿಗೆ ಪೋಣಿಸಿದ್ದ ದಾರವನ್ನು ಮೆಲ್ಲಗೆ ಎಳೆದು ಉಂಡೆಗೆ ಸುತ್ತಿಟ್ಟಳು.