ಹಲಸಿನ ಹಾರ್ನಿನ ಗಂಟಲು

ಮೂರನೆಯ ಸಲ ಸರ್ವಮಂಗಳಮ್ಮ ಮರದ ಹೊಟ್ಟಿನ ಚೀಲಕ್ಕೆ ಮೊಣಕೈವರೆಗೂ ಕೈ ಇಳಿಸಿ ತಡಕಿದಳು. ಸಿಕ್ಕಿದ್ದು ಒಂದಿಷ್ಟು ಚಕ್ಕೆ, ಮುರಿದ ಉಳಿಯ ಹಿಡಿ. ಅಷ್ಟೇ.

"ಅಮ್ಮಾ, ಎಲ್ರೂ ನಿನ್ನೇ ಕೇಳ್ತಿದಾರೆ," ಎಂದಳು ಮಗಳು ಮಾಲಿನಿ, ವರ್ಕ್‌ಶಾಪಿನ ಹೊಸ್ತಿಲಲ್ಲಿ ನಿಂತು. "ಏನ್ ಹುಡುಕ್ತಿದೀಯ ಹೇಳು, ನಾನೂ ಹುಡುಕ್ತೀನಿ."

"ನಿಮ್ಮಪ್ಪನ ಕನ್ನಡಕ ಕಣೇ."

ಕನ್ನಡಕ ಆಕೆಯ ಸೊಂಟದಲ್ಲೇ ಸಿಕ್ಕಿಕೊಂಡಿತ್ತು. ಮಾಲಿನಿ ಅದನ್ನು ನೋಡಿದಳು, ಹೊರಟುಹೋದಳು.

ಹೊರಗೆ ಪಡಸಾಲೆಯ ಗೋಡೆಗೆ ಒರಗಿ ಮಹಾಲಿಂಗಯ್ಯ ಕೂತಿದ್ದ. ನಿನ್ನೆ ಸಂಜೆ ಕೆಲಸ ಮಾಡುತ್ತಿದ್ದವನು ಲೇಥಿನ ಸ್ವಿಚ್ಚು ಆರಿಸಿ, ಸ್ಟೂಲಿನ ಮೇಲೆ ಕೂತು, ಬೆಂಚಿಗೆ ತಲೆಯಾನಿಸಿದವನು ಹಾಗೇ ಹೋಗಿಬಿಟ್ಟಿದ್ದ. ಎಪ್ಪತ್ತೆರಡಾಗಿತ್ತು. ನರಳಲಿಲ್ಲ, ಯಾರಿಂದಲೂ ನೀರು ಹಾಕಿಸಿಕೊಳ್ಳಲಿಲ್ಲ, ಪುಣ್ಯವಂತನ ಸಾವು ಎಂದು ಬಂದವರೆಲ್ಲ ಹೇಳುತ್ತಿದ್ದರು. ಸರ್ವಮಂಗಳಮ್ಮನಿಗೂ ಹಾಗೇ ಅನಿಸುತ್ತಿತ್ತೋ ಏನೋ. ಆದರೆ ಬೆಳಿಗ್ಗೆ ಸ್ನಾನ ಮಾಡಿಸುವಾಗ ಗಂಡನ ಕೊರಳು ಬರಿದಾಗಿರುವುದು ಕಣ್ಣಿಗೆ ಬಿತ್ತು. ಶಿವದಾರವಿಲ್ಲ, ಲಿಂಗದ ಬೆಳ್ಳಿ ಕರಡಿಗೆಯಿಲ್ಲ. ಯಾರೂ ನೋಡುವ ಮೊದಲೇ ಶಲ್ಯ ಎಳೆದು ಹೊದಿಸಿದ್ದಳು.

ಗುಬ್ಬಿಯ ಹೊಲದಲ್ಲಿ, ಅವನಪ್ಪನ ಸಮಾಧಿಯ ಪಕ್ಕದಲ್ಲೇ ಗುಣಿ ತೆಗೆದಾಗಿತ್ತು. ಎರಡು ಗಂಟೆಗೆ ವ್ಯಾನು ಹೊರಡಬೇಕು. ಹೋಗುವವನು ಕೂತೇ ಹೋಗಬೇಕು, ಎಡ ಅಂಗೈಯಲ್ಲಿ ಹುಟ್ಟಿದಾಗಿನಿಂದ ಜೊತೆಗಿದ್ದ ತನ್ನದೇ ಲಿಂಗ ಹಿಡಿದು ಹೋಗಬೇಕು. ಕ್ರಿಯೆ ನಡೆಸಲು ಬಂದ ವೀರಭದ್ರಯ್ಯನವರು ಒಮ್ಮೆ ಕೇಳಿ, ಆಕೆಯ ಮುಖ ನೋಡಿ, ದನಿ ತಗ್ಗಿಸಿದ್ದರು.

"ಸಿಗದಿದ್ರೆ ಹೇಳಿ ತಾಯಿ. ಮಠದಿಂದ ಬೇರೆ ತರಿಸೋಣ. ಶಿವನೇನೂ ಮುನಿಸ್ಕೊಳಲ್ಲ."

ಶಿವ ಮುನಿಸಿಕೊಳ್ಳದಿರಬಹುದು, ಕುಣಿಗಲ್ಲಿನಿಂದ ಬಂದಿದ್ದ ಗಂಡನ ಅಕ್ಕ ಬಸವಲಿಂಗಮ್ಮ ಬಿಡುವವಳಲ್ಲ. ತಮ್ಮನಾದವನು ಮಠ ಬಿಟ್ಟ, ಪೂಜೆ ಬಿಟ್ಟ, ಸ್ಪೀಕರಿಗೆ ಬಾಯಿ ಕೆತ್ತಿಕೊಂಡು ಕೂತ ಎಂದು ಬೆಳಗಿನಿಂದ ಬಂದವರಿಗೆಲ್ಲ ಹೇಳುತ್ತಲೇ ಇದ್ದಳು. ಆ ಮಾತನ್ನಾದರೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಬೇರೆ ಇತ್ತು. ಗಂಡ ಬರಿಗೊರಳಲ್ಲಿ ಹೋಗಿದ್ದು ತನ್ನಿಂದ ಎಂಬುದು.

*

ಹನ್ನೊಂದು ವರ್ಷದ ಹಿಂದಿನ ಮಾತು. ಮಹಾಲಿಂಗಯ್ಯ ಫೌಂಡ್ರಿಯೊಂದರಲ್ಲಿ ಎರಕಕ್ಕೆ ಮರದ ಅಚ್ಚು ಕೆತ್ತುವ ಕೆಲಸದಿಂದ ನಿವೃತ್ತನಾಗಿ, ಸುಮ್ಮನೆ ಕೂರಲಾಗದೆ ಮನೆಯ ಹಿತ್ತಲಿನಲ್ಲೇ ಲೇಥು ಹಾಕಿಕೊಂಡಿದ್ದ. ಆಗಲೇ ಹುಲಿಯೂರುದುರ್ಗದ ಸೌಂಡ್ ಸೆಟ್ಟಿನ ಕನಕರಾಜು ಬಂದದ್ದು. ಅವನ ತಂದೆಯ ಟೆಂಟ್ ಸಿನಿಮಾದ ಸ್ಪೀಕರು. ಒಳಗೆ ದನಿ ಹುಟ್ಟಿಸುವ ಡ್ರೈವರು ಇನ್ನೂ ಗಟ್ಟಿ, ಹೊರಗಿನ ತಗಡಿನ ಹಾರ್ನು ಮಾತ್ರ ತುಕ್ಕು ತಿಂದು ಜಾಲರಿಯಾಗಿತ್ತು. ಅದಕ್ಕೆ ಹೊಂದುವ ಹಾರ್ನು ಈಗ ಎಲ್ಲೂ ಸಿಗುವುದಿಲ್ಲ, ಸಿಗುವ ಪ್ಲಾಸ್ಟಿಕ್ಕಿನದು ಕಾಗೆಯ ಹಾಗೆ ಕೂಗುತ್ತದೆ ಎಂದು ಅವನ ಅಳಲು.

ಮಹಾಲಿಂಗಯ್ಯ ಒಂದು ತಿಂಗಳು ಹಳೆಯ ಪೇಪರುಗಳ ಮೇಲೆಲ್ಲ ಬಳುಕುಗೆರೆ ಎಳೆದ. ಗುಬ್ಬಿಯ ಹೊಲದಲ್ಲಿ ಉರುಳಿದ್ದ ಹಲಸಿನ ಮರ ಕೊಯ್ಯಿಸಿ, ಬಳೆ ಬಳೆಯಾಗಿ ಕತ್ತರಿಸಿ, ಒಂದಕ್ಕಿಂತ ಒಂದು ಅಗಲವಾದ ಬಳೆಗಳನ್ನು ಅಂಟಿಸಿ, ಲೇಥಿಗೆ ಕೊಟ್ಟು ಒಳಗನ್ನು ನುಣುಪು ಮಾಡಿದ. ಕಾಫಿ ತಂದುಕೊಟ್ಟ ಹೆಂಡತಿಗೂ ಪಾಠ ಹೇಳಿದ.

"ಗಂಟಲ ಹತ್ರ ಆತುರ ಕೂಡ್ದು ಕಣೇ. ಮೆಲ್ಲಗೆ ತೆರ್ಕೋಬೇಕು. ಬಾಯಿ ಹತ್ರ ಬಂದ್ಮೇಲೆ ಎಷ್ಟ್ ಬೇಕಾದ್ರೂ ಧಾರಾಳ."

ಆ ಮೊದಲ ಹಾರ್ನು ಮುಗಿಯುವ ದಿನವೇ, ಬಗ್ಗಿದ್ದವನ ಶಿವದಾರ ತಿರುಗುವ ಮರಕ್ಕೆ ಸುತ್ತಿಕೊಂಡಿತು. ಲೋಟ ಹಿಡಿದು ನಿಂತಿದ್ದ ಸರ್ವಮಂಗಳಮ್ಮ ಅದನ್ನು ಎಸೆದು ಸ್ವಿಚ್ಚಿಗೆ ಹೊಡೆದಳು. ಕೊರಳ ಸುತ್ತ ಕೆಂಪು ಬರೆ ಎದ್ದಿತ್ತು.

"ಲೇಥ್ ಓಡಿಸೋವಾಗ ತೆಗೆದಿಡಿ."

"ಕಟ್ಟಿದ ಲಿಂಗ ತೆಗೆದಿಡೋದಾ? ಏನ್ ಮಾತಾಡ್ತೀಯ."

"ನನ್ನಾಣೆ."

ಅವನು ಕೊರಳು ಸವರಿಕೊಂಡ. "ಎಲ್ಲಿಡ್ಲಿ?"

"ಶುದ್ಧವಾದ ಕಡೆ ಎಲ್ಲಾದ್ರೂ ಇಡಿ. ನಂಗ್ ಮಾತ್ರ ಹೇಳ್ಬೇಡಿ."

ಆಣೆ ಹಾಕಿದ್ದು ತಾನೇ ಆದರೂ ಆ ತಪ್ಪಿನಲ್ಲಿ ಪಾಲು ಬೇಡ ಎಂದು ಹಾಗಂದಿದ್ದಳು. ಅವನು ಹೇಳಲೂ ಇಲ್ಲ. ಆಮೇಲೆ ಬೆಂಗಳೂರಿನವರು, ಪುಣೆಯವರು, ಹಳೆಯ ಸ್ಪೀಕರಿನ ಹುಚ್ಚಿದ್ದವರೆಲ್ಲ ಅಳತೆ ಕಳಿಸಿ ಹಾರ್ನು ಮಾಡಿಸಿಕೊಂಡರು. ಕೆಲಸ ಬೆಳೆಯಿತು. ಊಟಕ್ಕೆ ಕರೆದರೆ ವರ್ಕ್‌ಶಾಪಿನಿಂದ ಗಂಡ "ಬಂದೆ" ಎನ್ನುತ್ತಿದ್ದುದು ಮಾತ್ರ ದೊಡ್ಡದಾಗಿ, ಬಾವಿಯೊಳಗಿಂದ ಎದ್ದು ಬಂದ ಹಾಗೆ ಕೇಳುತ್ತಿತ್ತು. ಈ ವಯಸ್ಸಿನಲ್ಲೂ ಹುಡುಗಾಟ ಎಂದುಕೊಂಡು ಆಕೆ ತಟ್ಟೆ ಇಡುತ್ತಿದ್ದಳು.

*

ಅಂಗಳದಲ್ಲಿ ಭಜನೆ ಶುರುವಾಯಿತು. ಅಯ್ಯನ ಭಜನೆ ಅಯ್ಯನ ಹಾರ್ನಿನಲ್ಲೇ ಆಗಲಿ ಎಂದು ಕನಕರಾಜು ವರ್ಕ್‌ಶಾಪಿನ ಕಿಟಕಿಯ ಹಲಗೆ ಮೇಲಿದ್ದ ಹಲಸಿನ ಹಾರ್ನನ್ನು ಬೆಳಿಗ್ಗೆಯೇ ಹೆಗಲ ಮೇಲೆ ಹೊತ್ತು ತಂದು, ಹಿಂದೆ ಡ್ರೈವರು ತಿರುಗಿಸಿ ಸಿಕ್ಕಿಸಿ, ಬೆಂಚಿನ ಮೇಲೆ ಕೂರಿಸಿದ್ದ. ಆದರೆ ನಮಃ ಶಿವಾಯ ಎಂದರೆ ಅದು ನೆಗಡಿಯಾದವರ ಹಾಗೆ ಗೊರಗೊರ ಅಂದಿತು.

"ಏನ್ಲಾ ಕನಕರಾಜು," ಎಂದರು ಕುರ್ಚಿಯಲ್ಲಿ ಕೂತಿದ್ದ ಮುದುಕ ಸಿದ್ದಗಂಗಯ್ಯ, "ನಮಗಿಂತ ನಿನ್ ಹಾರ್ನೇ ಜಾಸ್ತಿ ಅಳ್ತಾ ಅದಲ್ಲೋ."

ನಾಲ್ಕು ಜನ ಶಲ್ಯ ಅಡ್ಡ ಹಿಡಿದು ನಕ್ಕರು. ಕನಕರಾಜುಗೆ ಅವಮಾನವಾಯಿತು.

"ವೈರೂ ಸರಿಗದೆ, ಡ್ರೈವರೂ ಸರಿಗದೆ ಯಜಮಾನ್ರೆ. ಅಯ್ಯನ ಕೈಮಾಲು ಹಿಂಗ್ ಒದರದಲ್ಲ. ಗಂಟಲಲ್ಲಿ ಏನೋ ಸಿಕ್ಕಂಡದೆ."

ವರ್ಕ್‌ಶಾಪಿನೊಳಗೆ ಹುಡುಕುತ್ತಿದ್ದ ಸರ್ವಮಂಗಳಮ್ಮನ ಕೈ ನಿಂತುಹೋಯಿತು. ತಲೆಯೆತ್ತಿ ಕಿಟಕಿ ನೋಡಿದಳು. ಹಲಗೆಯ ಮೇಲೆಲ್ಲ ಬೆರಳುದಪ್ಪ ಮರದ ಪುಡಿ. ಹಾರ್ನು ಕೂತಿದ್ದ ಜಾಗ ಮಾತ್ರ ದಿನಾ ಒರೆಸಿದ ಹಾಗೆ ಚೊಕ್ಕಟ, ಮೂಲೆಯಲ್ಲಿ ಒಂದು ಒಣಗಿದ ಬಿಲ್ವದೆಲೆ.

ಸೆರಗು ಸಿಕ್ಕಿಸಿಕೊಂಡು ಆಕೆ ಹೊರಗೆ ಬಂದಳು.

"ಆಫ್ ಮಾಡಪ್ಪ ಅದನ್ನ."

"ಒಂದ್ನಿಮಿಷ ಅಕ್ಕ, ಕಡ್ಡಿ ಹಾಕಿ ತಳ್ಳಿಬುಡ್ತೀನಿ."

"ಕಡ್ಡಿ ಹಾಕ್ಬೇಡ. ಡ್ರೈವರ್ ಬಿಚ್ಚು. ನಾನ್ ನೋಡ್ತೀನಿ."

ಅವನು ಬಿಚ್ಚಿ ಸರಿದು ನಿಂತ. ಆಕೆ ಮೊಣಕಾಲೂರಿ ಹಾರ್ನಿನ ಅಗಲ ಬಾಯೊಳಗೆ ಕೈ ಹಾಕಿದಳು. ಮರ ಕಂಚಿನ ಬಟ್ಟಲಿನಷ್ಟು ನುಣುಪು. ಮೊಣಕೈ ಇಳಿಯುವಷ್ಟು ಒಳಗೆ, ಬೆರಳಿಗೆ ಒಂದು ಗೂಡು ಸಿಕ್ಕಿತು. ಅರ್ಧ ನಿಂಬೆಹಣ್ಣು ಕೂರುವಷ್ಟು ತೋಡಿದ, ಒಳಗೆ ಮೆತ್ತನೆಯ ಬಟ್ಟೆ ಹಾಸಿದ ಗೂಡು. ಬೆರಳ ತುದಿಗೆ ವಿಭೂತಿ ಹತ್ತಿತು.

ಎಳೆ ಕೂದಲಷ್ಟು ತರಿ ಉಳಿದರೂ ಹಾರ್ನನ್ನು ಮತ್ತೆ ಲೇಥಿಗೆ ಹಾಕುತ್ತಿದ್ದವನು ತನ್ನ ಮೊದಲ ಹಾರ್ನಿನ ಬಳುಕನ್ನು ತಾನೇ ಕೆಡಿಸಿದ್ದ. ಬೆಂಗಳೂರಿನವರೊಬ್ಬರು ಎರಡು ಸಲ ಬಂದು ಕೇಳಿದರೂ ಕೊಟ್ಟಿರಲಿಲ್ಲ. ಇದರ ಗಂಟಲು ಸರಿಯಿಲ್ಲ ಸಾರ್ ಎಂದು ಕಳಿಸಿದ್ದ. ಆಗ ಕನಕರಾಜುಗೂ ಇದನ್ನು ಕೊಡದೆ ಬೇರೆಯದೇ ಮಾಡಿಕೊಟ್ಟಿದ್ದು ಯಾಕೆಂದು ಆಕೆಗೆ ಈಗ ತಿಳಿಯಿತು.

ಹೆಗಲ ಮೇಲೆ ಬಂದಾಗ ಕರಡಿಗೆ ಗೂಡಿನಿಂದ ಜಾರಿರಬೇಕು. ಇನ್ನೂ ಒಳಗೆ ಹೋಗಬೇಕಿತ್ತು. ಗಂಡ ದಿನಾ ಬಗ್ಗುತ್ತಿದ್ದ ಹಾಗೆ ಬಗ್ಗಿ, ತಲೆಯನ್ನೂ ಒಳಗಿಟ್ಟು, ತೋಳು ಚಾಚಿದಳು. ಹಲಸಿನ ವಾಸನೆ, ವಿಭೂತಿಯ ವಾಸನೆ. ತಣ್ಣಗಿನ ಬೆಳ್ಳಿ ಬೆರಳಿಗೆ ತಗುಲಿತು, ಅದರ ಹಿಂದೆ ದಾರ. ಮುಷ್ಟಿ ಮುಚ್ಚಿದಳು. ನಿನ್ನೆ ಸಂಜೆಯಿಂದ ಹಿಡಿದಿಟ್ಟಿದ್ದ ಉಸಿರು ಹಾರ್ನಿನ ತುಂಬ ಹರಿಯಿತು.

"ಮಂಗಳಾ, ಎಲ್ಲಿದೀಯೇ?" ಪಡಸಾಲೆಯಿಂದ ಬಸವಲಿಂಗಮ್ಮ ಕರೆದಳು. "ಅಯ್ನೋರು ಕಾಯ್ತಾವ್ರೆ."

ತಲೆ ಈಚೆ ತೆಗೆಯುವಷ್ಟೂ ತಡೆಯದೆ ಸರ್ವಮಂಗಳಮ್ಮ ಅಲ್ಲಿಂದಲೇ ಓಗೊಟ್ಟಳು.

"ಬಂದೆ."

ಮಾತು ದೊಡ್ಡದಾಗಿ, ದುಂಡಗೆ, ಬಾವಿಯೊಳಗಿಂದ ಎದ್ದ ಹಾಗೆ ಅಂಗಳ ದಾಟಿ ಮನೆಯೊಳಗೆ ಹೋಯಿತು. ಭಜನೆಯವರ ತಾಳ ನಿಂತಿತು. ಬಸವಲಿಂಗಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಯಾರೂ ಹಾರ್ನಿನ ಕಡೆ ನೋಡಲಿಲ್ಲ. ಎಲ್ಲರೂ ತಿರುಗಿದ್ದು ಪಡಸಾಲೆಯ ಕಡೆಗೆ.

ಅಲ್ಲಿ ಮಹಾಲಿಂಗಯ್ಯ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದ. ತೊಡೆಯ ಮೇಲಿನ ಎಡ ಅಂಗೈ, ಬೆಳಗಿನಿಂದ ಇದ್ದ ಹಾಗೇ, ಮೇಲ್ಮುಖವಾಗಿ ತೆರೆದಿತ್ತು.