ಪೈಪೆಲ್ಲ ಕ್ಲಿಯರ್

ಪ್ಲಂಬರನಿಗೆ ಹೆಂಡತಿಗಿಂತ ಅವಳ ಆಂಜಿಯೋಗ್ರಾಮಿನ ವಿಡಿಯೋ ಮೇಲೆ ಪ್ರೀತಿ ಜಾಸ್ತಿ. ಆಸ್ಪತ್ರೆಯಲ್ಲೇ ಅದನ್ನು ಮೊಬೈಲಿಗೆ ಹಾಕಿಸಿಕೊಂಡಿದ್ದ. ಮನೆಗೆ ಯಾರೇ ಬರಲಿ, ಕೂರುವ ಮೊದಲೇ ತೋರಿಸುತ್ತಿದ್ದ.

ಡಾಕ್ಟರು "ದೊಡ್ಡ ರಕ್ತನಾಳದಲ್ಲಿ ಬ್ಲಾಕ್ ಇಲ್ಲ" ಅಂದ ಕೂಡಲೇ ಅವನು ಎದ್ದು ಹೊರಗೆ ಹೋಗಿದ್ದ. "ಆದ್ರೆ ಸಣ್ಣ ನಾಳಗಳು ಬಿಗಿದುಕೊಂಡ್ರೂ ನೋವು ಬರುತ್ತೆ, ಹೃದಯಕ್ಕೆ ಪೆಟ್ಟು ಬೀಳುತ್ತೆ. ಈ ಮಾತ್ರೆ ತಪ್ಪಿಸಬೇಡಿ, ಇನ್ನೊಂದು ಟೆಸ್ಟ್ ಆಗಬೇಕು" ಅಂದದ್ದನ್ನು ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ. ಅವಳು ಅದನ್ನು ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ.

"ನಂಗೇ ಪೈಪಿನ ಪಾಠ ಹೇಳ್ತೀಯಾ? ತಾನಾಗೇ ಬಿಗಿದುಕೊಳ್ಳೋ ಪೈಪ್ ಒಂದೂ ನೋಡಿಲ್ಲ ನಾನು."

ಮಾತ್ರೆ ತರಲಿಲ್ಲ. ಅಂದಿನಿಂದ ಅವಳು ಎದೆ ಹಿಡಿದುಕೊಂಡಾಗೆಲ್ಲ ಅತ್ತೆ "ನಾಟಕ ಶುರುವಾಯ್ತು" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಬಟ್ಟೆ ಒಗೆಯುವಾಗಲೇ ಸೊಸೆಗೆ ನೋವು ಬರುತ್ತದೆ ಎನ್ನುವುದು ಅವರ ದೊಡ್ಡ ಸಂಶೋಧನೆ. ಮೈ ದಣಿದಾಗಲೇ ಬರುವ ನೋವದು ಎಂದು ಆ ಪುಣ್ಯಾತ್ಗಿತ್ತಿಗೆ ಹೊಳೆಯಲೇ ಇಲ್ಲ.

ಕೊನೆಗೆ ಅವಳು ತಮ್ಮನಿಗೆ ಫೋನ್ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಅತ್ತಳು. ಅವನು ಕಾರು ತೆಗೆದುಕೊಂಡೇ ಬಂದ. ಅವಳು ಚಪ್ಪಲಿ ಮೆಟ್ಟಿ, ಚೀಲ ಹಿಡಿದು, ಬೆವೆತ ಮುಖದಲ್ಲಿ ಬಾಗಿಲ ಬಳಿ ಕಾಯುತ್ತಿದ್ದಳು.

"ಬಾರಯ್ಯಾ, ಮೊದ್ಲು ಇದನ್ನ ನೋಡು," ಎಂದು ಪ್ಲಂಬರ್ ಅವನನ್ನು ಎಳೆದು ಕೂರಿಸಿದ.

ಪರದೆಯ ಮೇಲೆ ಹೃದಯದ ನಾಳಗಳು ಬಣ್ಣದ ಔಷಧ ಹರಿದು ಕಪ್ಪಗೆ ತುಂಬಿಕೊಂಡವು. ಗುಂಡಿಗೆ ಬಡಿದಂತೆಲ್ಲ ಕುಣಿದವು.

"ತುದೀಲಿ ಮಸುಕಾಗಿದ್ಯಲ್ಲ ಭಾವ?"

"ಅದರಾಚೆ ಇರೋದು ತೀರಾ ಸಣ್ಣದು, ಇದ್ರಲ್ಲಿ ಕಾಣಲ್ಲ. ಮೇನ್ ಲೈನ್ ಸರಿ ಇದ್ರೆ ಮುಗೀತು."

ತಮ್ಮ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದ.

"ಹೊರಡೋಣ ಕಣೋ," ಅಂದಳು ಅಕ್ಕ. ದನಿಯೇ ಇರಲಿಲ್ಲ.

"ಇರೇ ಅಕ್ಕಾ. ಭಾವ ಹೇಳೋದು ಸರಿಯಾಗೇ ಇದೆ. ಸುಮ್ನೆ ಗಾಬರಿ ಮಾಡ್ಕೊಂಡಿದೀಯ." ಅವನು ಕಾರಿನ ಕೀಯನ್ನು ಜೇಬಿಗೆ ಹಾಕಿಕೊಂಡ.

ಅವಳು ಗೋಡೆಗೊರಗಿ ಮೆಲ್ಲಗೆ ಜಾರಿ ಕುಳಿತಳು. ತಲೆ ಚೀಲದ ಮೇಲೆ ವಾಲಿತು.

"ತವರಿನವ್ರು ಬಂದ್ರೆ ಆಟ ಇನ್ನೂ ಜೋರು," ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಅವಳು ಏಳಲಿಲ್ಲ.

ತಮ್ಮ ಅವಳ ಕೈ ಹಿಡಿದು ನೋಡಿದ, ಮೂಗಿನ ಹತ್ತಿರ ಬೆರಳಿಟ್ಟ. ಆಮೇಲೆ ಕಿರುಚಿಕೊಂಡ. ಪ್ಲಂಬರ್ ಕುಳಿತಲ್ಲಿಂದ ಅಲುಗಲಿಲ್ಲ. "ಎಲ್ಲೂ ಬ್ಲಾಕ್ ಇಲ್ವಲ್ಲೋ," ಎನ್ನುತ್ತಾ ವಿಡಿಯೋವನ್ನು ಮತ್ತೆ ಮೊದಲಿಂದ ಹಾಕಿದ. ಅದರಲ್ಲಿ ಅವಳ ಗುಂಡಿಗೆ ಚೆನ್ನಾಗಿಯೇ ಬಡಿದುಕೊಳ್ಳುತ್ತಿತ್ತು.