ಒಂಬತ್ತು ವ್ಯಾಟಿನ ಕಾವಲು

ನಾನು ಒಂದು ಪುಟ್ಟ ಕಂಪ್ಯೂಟರ್. ದಪ್ಪನೆಯ ನಿಘಂಟೊಂದನ್ನು ಮೇಜಿನ ಮೇಲೆ ನಿಲ್ಲಿಸಿದರೆ ಎಷ್ಟು ಜಾಗ ಬೇಕೋ ನನಗೂ ಅಷ್ಟೇ ಸಾಕು. ನನ್ನೊಳಗೆ ಫ್ಯಾನ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ. ಮೈ ಬಿಸಿಯಾದರೆ ಬೆನ್ನಿನ ಅಲ್ಯೂಮಿನಿಯಂ ಏಣುಗಳಿಂದ ಆ ಬಿಸಿಯನ್ನು ಸದ್ದಿಲ್ಲದೆ ಗಾಳಿಗೆ ಬಿಟ್ಟುಬಿಡುತ್ತೇನೆ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಪಕ್ಕದ ಸಾಲಿನಲ್ಲಿ ದೊಡ್ಡ ದೊಡ್ಡ ಯಂತ್ರಗಳು ತಯಾರಾಗುತ್ತಿದ್ದವು. ಅವುಗಳ ಪೆಟ್ಟಿಗೆಯ ಮೇಲೆ ಎಷ್ಟು ವೇಗ, ಎಷ್ಟು ಶಕ್ತಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ನನ್ನ ಪೆಟ್ಟಿಗೆಯ ಮೇಲೆ ಹಾಗೇನೂ ಇರಲಿಲ್ಲ. ನಾನು ಕಡಿಮೆ ಕೆಲಸಕ್ಕೆಂದೇ ಹುಟ್ಟಿದವನು.

ಹಡಗು ಹತ್ತಿ, ಲಾರಿ ಹತ್ತಿ ಹುಬ್ಬಳ್ಳಿಯ ಒಂದು ವಿಮಾ ಕಚೇರಿಗೆ ಬಂದೆ. ಪರದೆಯ ಬೆನ್ನಿಗೆ ನನ್ನನ್ನು ಇಟ್ಟು ನಾಲ್ಕು ತಿರುಪು ಬಿಗಿದರು. ಆರು ವರ್ಷ ಗೋಡೆ ನೋಡುತ್ತಲೇ ದುಡಿದೆ. ಮುಂದೆ ಕುಳಿತು ಟೈಪು ಮಾಡುತ್ತಿದ್ದವರಿಗೆ ನಾನೊಬ್ಬ ಇದ್ದೇನೆಂಬುದೇ ಗೊತ್ತಿರಲಿಲ್ಲ. ಒಂದು ದಿನ ಹೊಸ ಯಂತ್ರಗಳು ಬಂದವು. ನನ್ನಂಥ ನಲವತ್ತು ಜನರನ್ನು ಗೋಣಿಚೀಲಗಳಲ್ಲಿ ತುಂಬಿ ದಾವಲಸಾಬನ ಹಳೇ ಕಂಪ್ಯೂಟರ್ ಅಂಗಡಿಗೆ ಸಾಗಿಸಿದರು.

ದಾವಲಸಾಬ ಕೆಟ್ಟವನಲ್ಲ. ಆದರೆ ಅವನ ಅಂಗಡಿಯಲ್ಲಿ ಎರಡೇ ದಾರಿ: ಯಾರಾದರೂ ಕೊಳ್ಳಬೇಕು, ಇಲ್ಲವೇ ಸುತ್ತಿಗೆಯ ಕೆಳಗೆ ಹೋಗಿ ತಾಮ್ರ ಬೇರೆ, ತಗಡು ಬೇರೆ ಆಗಬೇಕು. ನನ್ನ ಜೊತೆಗಾರರು ಒಬ್ಬೊಬ್ಬರೇ ಸುತ್ತಿಗೆಯ ಕಡೆ ಹೋದರು. ಕೊನೆಗೆ ಉಳಿದದ್ದು ಮೂವರು.

ಆಗ ಬಂದಳು ರೋಹಿಣಿ. ಮೂವತ್ತೈದರ ಹೆಂಗಸು, ಗದಗಿನ ಬೆಟಗೇರಿಯವಳು. ಜೊತೆಗೆ ಅವಳ ಅಪ್ಪ ಫಕ್ಕೀರಪ್ಪ. ಹುಟ್ಟಾ ಕಿವುಡರು, ಮಾತಿಲ್ಲ. ಗದಗಿನ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಯಂತ್ರ ನಡೆಸಿ ನಿವೃತ್ತರಾದವರು. ರೋಹಿಣಿ ಬಂದವಳೇ ಚೀಲದಿಂದ ಒಂದು ಸಣ್ಣ ಮೀಟರು ತೆಗೆದಳು. ಯಾವ ಯಂತ್ರ ಎಷ್ಟು ಕರೆಂಟು ತಿನ್ನುತ್ತದೆ ಎಂದು ತೋರಿಸುವ ಮೀಟರು.

"ಅಕ್ಕಾರ, ಅದು ಬ್ಯಾಡ್ರಿ," ದಾವಲಸಾಬ ನನ್ನನ್ನು ತೋರಿಸಿ ಹೇಳಿದ. "ಅದರಾಗ ಸಿನಿಮಾ ಸುದ್ದಾ ನೆಟ್ಟಗ ಓಡಂಗಿಲ್ಲ. ಆ ದೊಡ್ಡದು ತೊಗೋರಿ, ಗಟ್ಟಿ ಐತಿ."

"ಗಟ್ಟಿ ಬ್ಯಾಡ್ರಿ ಸಾಹೇಬ್ರ, ಕಡಿಮಿ ಉಣ್ಣೂದು ಬೇಕು," ಎಂದಳು ರೋಹಿಣಿ.

ಒಂದೊಂದನ್ನೇ ಮೀಟರಿಗೆ ಸಿಕ್ಕಿಸಿದಳು. ದೊಡ್ಡದು ಅರವತ್ತೆರಡು ವ್ಯಾಟು ತೋರಿಸಿತು. ಅಂಗೈಯಗಲದ ಬರಿಮೈ ಬೋರ್ಡೊಂದು ನಾಲ್ಕೇ ತೋರಿಸಿತು. ನಾನು ಒಂಬತ್ತು. ದಾವಲಸಾಬ ಆ ಬೋರ್ಡನ್ನು ಮುಂದೆ ಸರಿಸಿದ. ರೋಹಿಣಿ ಅದನ್ನು ತಿರುಗಿಸಿ ನೋಡಿ ಬೇಡವೆಂದು ತಲೆಯಾಡಿಸಿದಳು.

"ಇದಕ್ಕ ವೈರ್ ಹಾಕಾಕ ಒಂದ ಕಿಂಡಿ. ಕಾವಲು ಕಾಯಾಂವಗ ಎರಡು ಬಾಗಿಲಾ ಬೇಕ್ರಿ. ಹೊರಗಿಂದ ಬರೂದು ಒಂದು, ಮನಿಯೊಳಗ ಬಿಡೂದು ಒಂದು."

ನನಗೂ ಇದ್ದದ್ದು ಒಂದೇ ಕಿಂಡಿ. ಆದರೆ ಅವಳು ನನ್ನ ತಿರುಪು ಬಿಚ್ಚಿ ಒಳಗೆ ಬಗ್ಗಿ ನೋಡಿದಳು. ಒಂದು ಕಾರ್ಡ್ ಕೂಡಿಸುವಷ್ಟು ಜಾಗ ಅಲ್ಲಿ ಖಾಲಿ ಬಿದ್ದಿತ್ತು. ಅಷ್ಟರಲ್ಲಿ ಫಕ್ಕೀರಪ್ಪನವರು ಅಂಗೈಯನ್ನು ನನ್ನ ಮೈಮೇಲಿಟ್ಟರು. ಯಂತ್ರದ ನಡುಕವನ್ನು ಕೈಯಿಂದಲೇ ಕೇಳಿ ಬದುಕಿದ ಮನುಷ್ಯ ಅವರು. ನನ್ನಲ್ಲಿ ನಡುಕವೇ ಇಲ್ಲ. ಮಗಳ ಕಡೆ ತಿರುಗಿ, ಇದು ಸತ್ತಿದೆ ಎಂದು ಸನ್ನೆ ಮಾಡಿದರು. ರೋಹಿಣಿ ನಕ್ಕು ಬೆರಳಾಡಿಸಿದಳು: ಇಲ್ಲಪ್ಪ, ಜೀವ ಇದೆ, ಫ್ಯಾನ್ ಇಲ್ಲ ಅಷ್ಟೇ. ಅವರು ಇನ್ನೊಮ್ಮೆ ಕೈಯಿಟ್ಟು ನೋಡಿದರು. ಈ ಸಲ ಅವರಿಗೆ ಬಿಸಿ ತಾಗಿತು.

ಹೀಗೆ ನಾನು ಬೆಟಗೇರಿಯ ಎರಡು ಕೋಣೆಯ ಮನೆಗೆ ಬಂದೆ.

ರೋಹಿಣಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅಪ್ಪ, ಅವ್ವ ಇಬ್ಬರೂ ಕಿವುಡರಾದ್ದರಿಂದ ಕೈಮಾತು ಅವಳಿಗೆ ತೊಟ್ಟಿಲಲ್ಲೇ ಬಂದದ್ದು. ಈಗ ಅದೇ ಅವಳ ಕೆಲಸ. ಎಲ್ಲೋ ಒಂದು ಆಸ್ಪತ್ರೆಗೆ ಕಿವುಡ ರೋಗಿ ಬಂದರೆ ಡಾಕ್ಟರು ವಿಡಿಯೊ ಕರೆ ಮಾಡುತ್ತಿದ್ದರು. ರೋಹಿಣಿ ಮನೆಯಲ್ಲೇ ಕುಳಿತು ರೋಗಿಯ ಸನ್ನೆಯನ್ನು ಡಾಕ್ಟರಿಗೆ ಬಾಯಲ್ಲಿ ಹೇಳಿ, ಡಾಕ್ಟರ ಮಾತನ್ನು ರೋಗಿಗೆ ಕೈಯಲ್ಲಿ ಹೇಳುತ್ತಿದ್ದಳು. ಈ ಕೆಲಸ ಕೊಟ್ಟ ಸಂಸ್ಥೆ ಒಂದು ಷರತ್ತು ಹಾಕಿತ್ತು. ರೋಗಿಯ ಗುಟ್ಟು ಹೊರಗೆ ಸೋರಬಾರದು, ಮನೆಯ ಇಂಟರ್‌ನೆಟ್‌ಗೆ ಸರಿಯಾದ ಕಾವಲು ಇರಬೇಕು. ಅದಕ್ಕೆಂದು ಅವಳು ಮೊದಲು ಒಂದು ದೊಡ್ಡ ಹಳೇ ಕಂಪ್ಯೂಟರನ್ನೇ ಕಾವಲಿಗೆ ಕೂರಿಸಿದ್ದಳು. ಕರೆಂಟು ಹೋದರೆ ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಅದೊಂದೇ ಒಂದೂವರೆ ಗಂಟೆಯಲ್ಲಿ ಖಾಲಿ ಮಾಡುತ್ತಿತ್ತು. ಫೆಬ್ರವರಿಯಲ್ಲೊಂದು ದಿನ ಮುದುಕನೊಬ್ಬ, ನನ್ನ ಕಾಲು ಕತ್ತರಿಸುವುದು ಯಾಕೆ ಎಂದು ಕೇಳುತ್ತಿರುವಾಗಲೇ ಪರದೆ ಕಪ್ಪಾಯಿತು. ಉತ್ತರ ಅವನಿಗೆ ತಲುಪಲಿಲ್ಲ. ಅವನ ಪರವಾಗಿ ಮನೆಯವರು ಸಹಿ ಹಾಕಿದರಂತೆ.

ಆ ದಿನ ಅವಳು ಊಟ ಮಾಡಲಿಲ್ಲವೆಂದು ಪಕ್ಕದ ಮನೆಯ ಗಿರಿಜವ್ವ ಯಾರಿಗೋ ಹೇಳುತ್ತಿದ್ದುದನ್ನು ಕೇಳಿದ್ದೇನೆ. ಅದಕ್ಕೆ ಕಾರಣವನ್ನೂ ಗಿರಿಜವ್ವನೇ ಹೇಳಿದಳು. ರೋಹಿಣಿಗೆ ಒಂಬತ್ತು ವರ್ಷವಿದ್ದಾಗ ಅವಳ ಅವ್ವ ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿದ್ದಳು. ನೋವು ಎಲ್ಲಿಂದ ಶುರುವಾಯಿತು, ಎಲ್ಲಿಗೆ ಹರಿಯಿತು ಎಂದು ಕೈಯಲ್ಲಿ ಎಷ್ಟು ಹೇಳಿದರೂ ಯಾರಿಗೂ ತಿಳಿಯಲಿಲ್ಲ. ರೋಹಿಣಿ ಶಾಲೆಯಿಂದ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ನನ್ನನ್ನು ಕಾವಲಿಗೆ ಸಜ್ಜು ಮಾಡಲು ಮೂರು ಭಾನುವಾರ ಹಿಡಿದವು. ಅವಳು ಈ ವಿದ್ಯೆ ಓದಿದವಳಲ್ಲ. ಕಾರ್ಡ್ ಕೂಡಿಸಿದಳು, ಕಚೇರಿಯ ಹಳೆಯ ಕಡತಗಳನ್ನೆಲ್ಲ ಅಳಿಸಿ ಹೊಸ ಪಾಠ ತುಂಬಿದಳು. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಕಟ್ಟಳೆ ಬರೆದಳು. ಮೊದಲನೆಯ ಸಲ ಬರೆದ ಕಟ್ಟಳೆ ಎಷ್ಟು ಬಿಗಿಯಾಗಿತ್ತೆಂದರೆ ನಾನು ಅವಳನ್ನೇ ಒಳಗೆ ಬಿಡಲಿಲ್ಲ! ಅಳಿಸಿದಳು, ಮತ್ತೆ ಬರೆದಳು. ಎರಡನೆಯ ಸಲ ಇಂಟರ್‌ನೆಟ್ಟೇ ಬರಲಿಲ್ಲ. ಮೂರನೆಯ ಸಲ ಎಲ್ಲ ಬಂತು, ಆದರೆ ವಿಡಿಯೊ ಕರೆಯಲ್ಲಿ ಚಿತ್ರ ಬಂದರೆ ಧ್ವನಿ ಇಲ್ಲ.

"ಬಿಡವಾ, ಪ್ಯಾಟ್ಯಾಗ ಯಾರಿಗರ ಕೊಟ್ಟು ಮಾಡಸು," ಎಂದಳು ಗಿರಿಜವ್ವ.

"ನಡುವ ಕೆಟ್ರ ಅವರು ಓಡಿ ಬರತಾರೇನ ಅತ್ತಿ? ನನಗಽ ಬರಬೇಕದು," ಎಂದು ರೋಹಿಣಿ ಮತ್ತೆ ಅಳಿಸಿದಳು.

ನಾಲ್ಕನೆಯ ಸಲ ಎಲ್ಲವೂ ಸರಿಹೋಯಿತು. ನಾನು ಕಪಾಟಿನ ಮೇಲೆ, ಗಾಳಿಯಾಡುವ ಕಿಟಕಿಯ ಪಕ್ಕ ಕುಳಿತೆ.

ಕೆಲಸ ಶುರುವಾದ ಮೇಲೆಯೇ ಜಗತ್ತು ಎಂಥದ್ದೆಂದು ನನಗೆ ತಿಳಿದದ್ದು. ನಿಮಿಷಕ್ಕೆ ಹತ್ತಾರು ಸಲ ಯಾರ್ಯಾರೋ ಬಂದು ಬಾಗಿಲು ಬಡಿಯುತ್ತಿದ್ದರು. ಹೆಸರಿಲ್ಲ, ಊರಿಲ್ಲ. ಬೀಗ ಹಾಕಿದೆಯೋ ಇಲ್ಲವೋ ಎಂದು ಜಗ್ಗಿ ನೋಡಿ ಮುಂದಿನ ಮನೆಗೆ ಹೋಗುವವರು. ನಾನು ಒಬ್ಬರಿಗೂ ಓಗೊಡಲಿಲ್ಲ. ಫಕ್ಕೀರಪ್ಪನವರು ಬಾಗಿಲಿಗೆ ಹಾಕಿಸಿದ್ದ ಅಗ್ಗದ ಕ್ಯಾಮೆರಾ ಒಂದು ತಾನಾಗಿಯೇ ಯಾವುದೋ ದೇಶಕ್ಕೆ ಏನನ್ನೋ ಕಳಿಸಲು ಹೊರಟಿತ್ತು. ಅದನ್ನೂ ಹೊಸ್ತಿಲಲ್ಲೇ ತಡೆದೆ. ರೋಗಿಗಳ ಕರೆಗಳು ಮಾತ್ರ ನನ್ನ ಮೂಲಕ ಹಾದುಹೋಗುತ್ತಿದ್ದವು. ಅವು ಬೀಗ ಹಾಕಿದ ಪೆಟ್ಟಿಗೆಗಳು. ಒಳಗೇನಿದೆ ಎಂದು ನನಗೂ ಕಾಣದು. ನನಗೆ ತಿಳಿದದ್ದೆಲ್ಲ ಕಪಾಟಿನ ಮೇಲಿಂದ ರೋಹಿಣಿಯ ಕೈ ನೋಡಿ, ಅವಳ ಮಾತು ಕೇಳಿ ತಿಳಿದದ್ದು.

ಮೇ ತಿಂಗಳ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಬೇವಿನ ಮರ ಬಿದ್ದು ಓಣಿಯ ಕಂಬವೇ ವಾಲಿತು. ಕರೆಂಟು ಹೋಯಿತು. ಹನ್ನೆರಡು ನಿಮಿಷದ ಬಳಿಕ ಕರೆ ಬಂತು. ದೂರದ ತಾಲ್ಲೂಕಿನ ಆಸ್ಪತ್ರೆಯಿಂದ ಡಾಕ್ಟರ್ ಅಂಬುಜಾ. ರೇಣವ್ವ ಎಂಬ ಕಿವುಡ ಹೆಂಗಸು ಹೆರಿಗೆಗೆ ಬಂದಿದ್ದಾಳೆ, ಕೂಸು ಅಡ್ಡ ತಿರುಗಿದೆ, ಆಪರೇಷನ್ ಮಾಡಲೇಬೇಕು. ಆದರೆ ಆಕೆ ಸೂಜಿ ಕಂಡರೆ ನರ್ಸನ್ನು ದೂಡಿ ಹಾಸಿಗೆಯಿಂದ ಇಳಿಯುತ್ತಿದ್ದಾಳೆ.

"ಹೆದರ್ಯಾಳ್ರಿ ಅಷ್ಟಽ, ಸೂಜಿ ಅಂದ್ರ ಮೊದಲಿಂದ ಅಂಜಿಕಿ," ಎಂದು ಆ ಕಡೆ ರೇಣವ್ವನ ಅತ್ತೆ ಹಿಂದಿನಿಂದ ಹೇಳುತ್ತಿದ್ದಳು.

ಫಕ್ಕೀರಪ್ಪನವರಿಗೆ ಕರೆಯ ಧ್ವನಿ ಕೇಳದು. ಮಗಳ ಬೆನ್ನು ನೆಟ್ಟಗಾದದ್ದನ್ನು ಕಂಡೇ ಎದ್ದರು. ಫ್ಯಾನ್ ಆರಿಸಿದರು, ದೀಪ ಆರಿಸಿದರು. ಫ್ರಿಜ್ಜಿನ ತಂತಿಯನ್ನೂ ಕಿತ್ತರು. ಬ್ಯಾಟರಿಯ ಮೇಲೆ ಉಳಿದವರು ನಾವಿಬ್ಬರೇ: ಹೊರಗಿನ ಇಂಟರ್‌ನೆಟ್ ತಂತಿ ಬಂದು ಸೇರುವ ಚಿಕ್ಕ ಪೆಟ್ಟಿಗೆ ಮತ್ತು ನಾನು. ಬ್ಯಾಟರಿ ಹಳೆಯದು. ಅದರ ಕೊನೆಯ ಹಸಿರು ದೀಪ ಆಗಲೇ ಮಿಣುಕುತ್ತಿತ್ತು. ಎಷ್ಟು ಹೊತ್ತು ತಡೆದೀತೆಂದು ಯಾರಿಗೂ ಗೊತ್ತಿರಲಿಲ್ಲ.

ರೋಹಿಣಿಯ ಕೈಗಳು ನಿಧಾನವಾಗಿ ಆಡಿದವು: ಯಾಕೆ ಬೇಡ ಅಂತೀಯ, ನನಗೆ ಹೇಳು. ರೇಣವ್ವನ ಕೈಮಾತನ್ನು ಪರದೆಯಲ್ಲಿ ನೋಡುತ್ತಲೇ ಏರುದನಿಯಲ್ಲಿ ಹೇಳತೊಡಗಿದಳು:

"ಡಾಕ್ಟರೇ, ಅಂಜಿಕಿ ಅಲ್ಲರಿ. ಎರಡು ವರ್ಷದ ಹಿಂದ, ಲಗ್ನಕ್ಕಿಂತ ಮೊದಲ, ಹಲ್ಲು ಕೀಳಿಸಿದಾಗ ಒಂದು ಸೂಜಿ ಮಾಡಿದ್ರಂತ. ಗಂಟಲಾ ಬಾತು ಉಸಿರು ನಿಂತಿತ್ತಂತ. ಮೈತುಂಬ ದದ್ದು. ಮೂರು ದಿನ ದವಾಖಾನ್ಯಾಗ ಇದ್ಲಂತ. ಆ ಚೀಟಿ ತವರಮನ್ಯಾಗ ಐತಿ. ಅತ್ತಿಗೆ ಗೊತ್ತಿಲ್ಲ."

ಆ ಕಡೆ ಡಾಕ್ಟರು ಮೆಲ್ಲಗೆ, "ಸಿಸ್ಟರ್, ಆ ಸಿರಿಂಜ್ ಕೆಳಗಿಡಿ," ಎಂದದ್ದು ಕೇಳಿಸಿತು. "ಹಲ್ಲು ಕೀಳುವಾಗ ಕೊಡೋ ಜಾತಿ ಔಷಧಿಯನ್ನೇ ತುಂಬಿಟ್ಟಿದ್ವಿ, ರೋಹಿಣಿ. ಬೇರೆ ಕೊಡ್ತೀವಿ ಅಂತ ಹೇಳಿ. ಹೆಸರು ತೋರಿಸಿಯೇ ಕೊಡ್ತೀವಿ ಅಂತ ಹೇಳಿ."

ರೇಣವ್ವ ಒಪ್ಪಿದಳು. ಒಂದೇ ಷರತ್ತು: ಈ ಅಕ್ಕ ಕೊನೆಯವರೆಗೂ ಕಾಣುತ್ತಿರಬೇಕು.

ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿ, ಎಚ್ಚರವಿರುವಾಗಲೇ ಮಾಡುವ ಆಪರೇಷನ್ನು. ನರ್ಸೊಬ್ಬಳು ಫೋನನ್ನು ರೇಣವ್ವನ ಮುಖದ ಮುಂದೆ ಹಿಡಿದು ನಿಂತಳು. ಇಲ್ಲಿ ಕೋಣೆ ಕುಲುಮೆಯಾಗಿತ್ತು. ಫಕ್ಕೀರಪ್ಪನವರು ರಟ್ಟಿನ ತುಂಡಿನಿಂದ ಮಗಳಿಗೆ ಗಾಳಿ ಹಾಕುತ್ತಿದ್ದರು. ಕರೆ ಶುರುವಾಗಿ ಎರಡು ಗಂಟೆಯಾಗುವಷ್ಟರಲ್ಲಿ ಅವಳ ಲ್ಯಾಪ್‌ಟಾಪ್ ಸುಸ್ತಾಯಿತು. ಮೊಬೈಲಿಗೆ ಬದಲಾಯಿಸಿ, ಅದನ್ನು ಲೋಟಕ್ಕೆ ಆನಿಸಿಟ್ಟು, ನನ್ನ ಮೂಲಕವೇ ಕರೆ ಮುಂದುವರಿಸಿದಳು. ಬ್ಯಾಟರಿಯ ಕೆಂಪು ದೀಪ ಹೊತ್ತಿತು. ನನ್ನ ಏಣುಗಳನ್ನು ಮುಟ್ಟಿದರೆ ಚುರ್ ಎನ್ನುವಷ್ಟು ಬಿಸಿ. ನಾನು ಮಾಡಬೇಕಾದದ್ದು ಒಂದೇ: ಸಿಗುವ ಆ ಹನಿ ಕರೆಂಟಿನಲ್ಲಿ ನಿಲ್ಲುವುದು. ನಿಂತೆ. ಬಾಗಿಲು ಬಡಿಯುವವರು ಅಂದೂ ಬಡಿಯುತ್ತಲೇ ಇದ್ದರು. ಅವರಿಗೇನು ಗೊತ್ತು?

ಒಮ್ಮೆಲೇ ಫೋನಿನಿಂದ ಕೂಸಿನ ಅಳು ಬಂತು. ಗಿರಿಜವ್ವ ಬಾಗಿಲಲ್ಲೇ ಕೈ ಮುಗಿದಳು. ಆದರೆ ರೇಣವ್ವನಿಗೆ ಆ ಅಳು ಕೇಳದು. ಅವಳ ಮೊದಲ ಪ್ರಶ್ನೆಯನ್ನು ರೋಹಿಣಿ ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಹೇಳಿಬಿಟ್ಟಳು: "ಅಳಾಕತ್ತೈತೇನು?"

ಡಾಕ್ಟರು ಉತ್ತರಿಸುವ ಮೊದಲೇ ಅವಳ ಕೈಗಳು ಎದ್ದಿದ್ದವು. ಅಳಾಕತ್ತೈತಿ, ಜೋರಾಗಿ, ಬಾಳ ಜೋರಾಗಿ. ಹೇಳುತ್ತ ಹೇಳುತ್ತ ತಾನೂ ಅಳುತ್ತಿದ್ದಳು. ಹಿಂದೆ ನಿಂತಿದ್ದ ಫಕ್ಕೀರಪ್ಪನವರು ರಟ್ಟು ಬೀಸುವುದನ್ನು ಮರೆತು, ಹೆಣ್ಣೋ ಗಂಡೋ ಎಂದು ಅವಳ ಭುಜ ತಟ್ಟಿ ಕೇಳುತ್ತಿದ್ದರು. ಹೆಣ್ಣು.

ಕರೆ ಮುಗಿದದ್ದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಅದಾಗಿ ಸ್ವಲ್ಪ ಹೊತ್ತಿಗೆ ಬ್ಯಾಟರಿ ಕೈಚೆಲ್ಲಿತು, ನಾನೂ ಆರಿದೆ. ಫ್ರಿಜ್ಜಿನ ಹಾಲು ಒಡೆದಿತ್ತಂತೆ.

ಇದೆಲ್ಲ ಆಗಿ ಏಳು ವರ್ಷ. ಈಗ ಅದೇ ಮನೆಯ ಮುಂಗೋಣೆಯಲ್ಲಿ ರೋಹಿಣಿಯ ಜೊತೆ ಇನ್ನೂ ಮೂವರು ಕೈಮಾತಿನವರು ಕೂರುತ್ತಾರೆ. ನಾಲ್ಕು ಕರೆಗಳು ಒಟ್ಟಿಗೆ ಬಂದರೆ ನನ್ನಿಂದ ಹೊರಲಾಗದು. ಹಾಗಾಗಿ ಹೊಸಬನೊಬ್ಬ ಬಂದಿದ್ದಾನೆ. ಅವನಿಗೆ ಹನ್ನೊಂದು ವ್ಯಾಟು, ನಾಲ್ಕು ಕಿಂಡಿ. ಅವನನ್ನು ಆರಿಸುವಾಗಲೂ ರೋಹಿಣಿ ಮೀಟರು ಹಿಡಿದೇ ಹೋಗಿದ್ದಳು. ನನ್ನನ್ನು ಮಾರಲಿಲ್ಲ. ಅವನ ಪಕ್ಕದಲ್ಲೇ, ತಂತಿ ಕಳಚಿ, ಬಟ್ಟೆ ಹೊದಿಸಿ ಇಟ್ಟಿದ್ದಾಳೆ.

ನನಗೆ ಬೇಸರವಿಲ್ಲ. ಶಕ್ತಿಯ ಲೆಕ್ಕದಲ್ಲಿ ನಾನು ಯಾವತ್ತೂ ಹಿಂದಿನ ಸಾಲಿನವನು. ಆದರೆ ಕಡಿಮೆ ಉಂಡು ನಿಲ್ಲುವುದೂ ಒಂದು ಶಕ್ತಿಯೇ ಎಂದು ಈ ಮನೆ ನನಗೆ ಕಲಿಸಿತು.

ಹೋದ ವಾರ ಸಿಡಿಲು ಬಡಿದು ಹೊಸಬ ಮಂಕಾದ. ರೋಹಿಣಿ ಬಟ್ಟೆ ಸರಿಸಿ ನನಗೆ ತಂತಿ ಹಾಕಿದಳು. ವಯಸ್ಸಾಯಿತು, ಏಳಲು ನನಗೆ ಎರಡು ನಿಮಿಷ ಬೇಕು. ಅವಳ ಮೊಬೈಲಿನಲ್ಲಿ ಯಾವುದೋ ಆಸ್ಪತ್ರೆಯ ಡಾಕ್ಟರು ಅವಸರಿಸುತ್ತಿದ್ದರು. ಅವಳು ನನ್ನ ದೀಪಗಳನ್ನೇ ನೋಡುತ್ತ ಶಾಂತವಾಗಿ ಹೇಳಿದಳು:

"ಎರಡು ನಿಮಿಷ ತಡೀರಿ ಡಾಕ್ಟರೇ. ನಮ್ಮ ಹಿರಿಯಾರು ಏಳಾಕತ್ತಾರ."

ಎದ್ದೆ.